ಮುರುಗಲು ಶರಬತ್ತು ಕುಡಿದರೆ ಮಂಡಿನೋವು ಇಳಿಯುತ್ತಾ?

ಪ್ರಶ್ನೆ (ಶಿರಸಿ):
ಸರ್, ಮುರುಗಲು (ಕೋಕಂ) ಹಣ್ಣಿನಲ್ಲಿ ಉರಿಯೂತ ಇಳಿಸುವ ಅಂಶ ಇದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಮ್ಮ ತೋಟದಲ್ಲಿ ಹಣ್ಣು ಸುಮ್ನೆ ಉದುರಿ ಹಾಳಾಗುತ್ತದೆ. ಅತ್ತೆಗೆ ಮಂಡಿನೋವು, ಜೊತೆಗೆ ಶುಗರ್. ದಿನಾ ಎರಡು ಲೋಟ ಶರಬತ್ತು ಕೊಡ್ತಿದ್ದೇನೆ. ಸರಿ ಅಲ್ವಾ?

ಉತ್ತರ (ಆಹಾರ ವಿಜ್ಞಾನಿ):
ಅಕ್ಕಾ, ಮೊದಲು ಆ ಶರಬತ್ತು ನಿಲ್ಲಿಸಿ. ಭರಣಿಯಲ್ಲಿ ಸಿಪ್ಪೆಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಇಳಿಸಿದ ಪಾಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಶುಗರ್ ಇರುವವರಿಗೆ ಅದು ಬೇಡವೇ ಬೇಡ.

ಹಣ್ಣಿನ ಗುಣ ಸುಳ್ಳಲ್ಲ. ಸಿಪ್ಪೆಯ ಕೆಂಪು ಬಣ್ಣ ಆಂಥೋಸಯಾನಿನ್, ಒಳ್ಳೆಯ ಆಂಟಿಆಕ್ಸಿಡೆಂಟ್. ನೇರಳೆ ಹಣ್ಣಿನ ಬಣ್ಣವೂ ಇದೇ ಜಾತಿಯದ್ದು. ನೀರಿಗೆ ಬೇಗ ಬಿಡುತ್ತದೆ, ತುಂಬಾ ಹೊತ್ತು ಕುದಿಸಿದರೆ ಹಾಳಾಗುತ್ತದೆ.

ಉರಿಯೂತದ ವಿಷಯದಲ್ಲಿ ಹೆಸರು ಮಾಡಿರುವುದು ಗಾರ್ಸಿನಾಲ್ ಎಂಬ ಇನ್ನೊಂದು ಅಂಶ. ಅದೂ ಸಿಪ್ಪೆಯಲ್ಲೇ ಇದೆ, ಆದರೆ ನೀರಿನಲ್ಲಿ ಕರಗುವುದಿಲ್ಲ. ಹಣ್ಣು ಕೊಯ್ಯುವಾಗ ಕೈಗೆ ಮೆತ್ತುವ ಹಳದಿ ಅಂಟು ನೋಡಿದ್ದೀರಲ್ಲ? ಎಷ್ಟು ತೊಳೆದರೂ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಡುತ್ತದೆ. ಗಾರ್ಸಿನಾಲ್ ಗುಣವೂ ಹಾಗೆಯೇ. ಶರಬತ್ತಿಗೆ ಇಳಿಯುವುದು ಬಹಳ ಕಡಿಮೆ, ಹೆಚ್ಚಿನದು ಸಿಪ್ಪೆಯಲ್ಲೇ ಉಳಿಯುತ್ತದೆ.

ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ ಗಾರ್ಸಿನಾಲ್ ಉರಿಯೂತ ತಗ್ಗಿಸಿದ್ದು ನಿಜ. ಅಲ್ಲಿ ಬಳಸಿದ್ದು ಬೇರ್ಪಡಿಸಿ ಶುದ್ಧ ಮಾಡಿದ ವಸ್ತು. ಆ ಲೆಕ್ಕ ನಮ್ಮ ಲೋಟಕ್ಕೆ ಹೊಂದುವುದಿಲ್ಲ. ಅತ್ತೆಯ ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಹಣ್ಣನ್ನು ಮಾತ್ರ ಹಾಳು ಮಾಡಬೇಡಿ, ನನಗೆ ಅದೇ ಬೇಜಾರು. ಮಳೆ ಹಿಡಿಯುವ ಮೊದಲೇ ಹೆಕ್ಕಿ, ಸಿಪ್ಪೆ ಒಣಗಿಸಿಡಿ. ನಾಲ್ಕು ಸಿಪ್ಪೆ ನೆನೆಸಿ ಕಿವುಚಿ, ಉಪ್ಪು, ಜೀರಿಗೆ ಹಾಕಿ ಅತ್ತೆಗೆ ಕೊಡಿ. ಬೆಲ್ಲವೂ ಬೇಡ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ, ಈ ಹುಳಿಗೆ ತಾಮ್ರ, ಅಲ್ಯೂಮಿನಿಯಂ ಆಗದು. ಬೀಜದಿಂದ ಮುರುಗಲು ತುಪ್ಪ ತೆಗೆಯಬಹುದು, ಒಡೆದ ಹಿಮ್ಮಡಿಗೆ ಬಹಳ ಒಳ್ಳೆಯದು.

ಮರುಪ್ರಶ್ನೆ (ಕಾರವಾರ):
ಸರ್, ನಮ್ಮಲ್ಲಿ ಮುರುಗಲು ರಸಕ್ಕೆ ಕಾಯಿಹಾಲು ಹಾಕಿ ಸೋಲಕಡಿ ಮಾಡ್ತೇವೆ. ಅದರಲ್ಲಿ ಗಾರ್ಸಿನಾಲ್ ಬಿಡುತ್ತಾ? ಮತ್ತೆ, ನನ್ನ ತಮ್ಮ ತೂಕ ಇಳಿಸಲು ಉಪ್ಪಾಗೆ (ಮುರುಗಲಿನ ಜಾತಿಯದೇ ಹುಳಿ ಹಣ್ಣು) ಮಾತ್ರೆ ತರಿಸಿದ್ದಾನೆ.

ಉತ್ತರ:
ಕಾಯಿಹಾಲಿನಲ್ಲಿ ಜಿಡ್ಡಿದೆ, ಹಾಗಾಗಿ ಬರೀ ನೀರಿಗಿಂತ ಸ್ವಲ್ಪ ಜಾಸ್ತಿ ಬಿಡಬಹುದು. ಊಟಕ್ಕೆ ಸೋಲಕಡಿ ಧಾರಾಳವಾಗಿ ಕುಡಿಯಿರಿ, ಔಷಧಿ ಅಂತ ಲೆಕ್ಕ ಇಡಬೇಡಿ.

ಮಾತ್ರೆ ಬೇಡ ಅಂತ ತಮ್ಮನಿಗೆ ಹೇಳಿ. ಉಪ್ಪಾಗೆಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ತೂಕ ಇಳಿಸುತ್ತದೆ ಅಂತ ಮಾತ್ರೆಯಲ್ಲಿ ಹಾಕುವುದು ಇದನ್ನೇ. 1998ರಲ್ಲಿ ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 135 ಜನರನ್ನು ಎರಡು ಗುಂಪು ಮಾಡಿ 12 ವಾರ ನೋಡಿದ್ದರು. ಉಪ್ಪಾಗೆ ಸಾರದ ಮಾತ್ರೆ ನುಂಗಿದವರಿಗೂ ಔಷಧಿಯಿಲ್ಲದ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ. ಸಾರಿಗೆ ಹಾಕುವ ಎರಡು ಎಸಳಿಗೆ ಹೆದರಬೇಕಿಲ್ಲ. ಅವನು ಈಗಾಗಲೇ ಮಾತ್ರೆ ಶುರು ಮಾಡಿದ್ದು, ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಮಾತ್ರೆಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.