ಸಹಾಯ ಬೇಕು: ಈ ಹಳೆಯ ಬಿಲ್ಲಿಗೆ ಹೆದೆ ಏರಿಸಬಹುದೇ?

ಬಾಗಲಕೋಟೆಯ ನವನಗರದಲ್ಲಿರುವ ನಾನು ಆರು ವರ್ಷಗಳಿಂದ ಹಳೆಯ ಬಿಲ್ಲು, ಬತ್ತಳಿಕೆಗಳನ್ನು ಸಂಗ್ರಹಿಸುತ್ತಿದ್ದೇನೆ. ಕಳೆದ ತಿಂಗಳು ಬೆಳಗಾವಿಯಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರಿಂದ ಅಮೆರಿಕದ ಬಿಲ್ಲು ತಯಾರಿಕಾ ಕಂಪನಿ ಬೇರ್ ಆರ್ಚರಿಯ ರಿಕರ್ವ್ ಬಿಲ್ಲೊಂದನ್ನು (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಕೊಂಡೆ. ಅದರ ಮೇಲೆ 60 ಇಂಚು (ಉದ್ದ), 45 ಪೌಂಡ್ (ಹೆದೆ ಎಳೆಯಲು ಬೇಕಾದ ಬಲ) ಎಂಬ ಬರಹದ ಜೊತೆಗೆ ಮಿಷಿಗನ್‌ನ ಗ್ರೇಲಿಂಗ್ ಊರಿನ ಹೆಸರೂ ಇರುವುದರಿಂದ, ಅಲ್ಲಿದ್ದ ಕಂಪನಿಯ ಕಾರ್ಖಾನೆ 1978ರಲ್ಲಿ ಫ್ಲೋರಿಡಾಕ್ಕೆ ಸ್ಥಳಾಂತರವಾಗುವ ಮೊದಲಿನದೆಂದು ಭಾವಿಸಿದ್ದೇನೆ. ಬೇಟೆಯ ಉದ್ದೇಶ ನನಗಿಲ್ಲ. ಗುರಿಹಲಗೆಗೆ ನಾಲ್ಕು ಬಾಣ ಬಿಡಬೇಕೆಂಬ ಆಸೆಯಷ್ಟೇ.

ಆ ಕಾಲದ ಬಿಲ್ಲಿನ ತುದಿಗಳು ಈಗಿನ ಹಿಗ್ಗದ ದಾರದ ಪೆಟ್ಟನ್ನು ತಾಳುವುದಿಲ್ಲವಾದ್ದರಿಂದ, ಬಿಲ್ಲಿನ ಅಳತೆಗಿಂತ 3 ಇಂಚು ಕಡಿಮೆ, ಅಂದರೆ 57 ಇಂಚಿನ ಡೇಕ್ರಾನ್ (ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರ) ಹೆದೆಯನ್ನೇ ತರಿಸಿದ್ದೇನೆ. ಆದರೆ ಬಿಲ್ಲಿನ ಕೆಳತೋಳಿನಲ್ಲಿ (ಹಿಡಿಯ ಕೆಳಗಿನ ಬಾಗುವ ಭಾಗ), ಹಿಡಿಯಿಂದ ಗೇಣುದ್ದ ಕೆಳಗೆ, ಕೂದಲೆಳೆಯಷ್ಟು ಸಣ್ಣ ಮೂರು ಅಡ್ಡಗೆರೆಗಳಿವೆ. ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆಂದು ಹತ್ತಿಯ ಉಂಡೆಯನ್ನು ಸವರಿದಾಗ ಎರಡು ಗೆರೆಗಳ ಮೇಲೆ ಅದು ನುಣ್ಣಗೆ ಜಾರಿತು, ಮೂರನೆಯದರಲ್ಲಿ ಒಂದೆರಡು ಎಳೆ ಸಿಕ್ಕಿಕೊಂಡವು. ಉಗುರಿಗೆ ಮಾತ್ರ ಏನೂ ತಾಗುತ್ತಿಲ್ಲ. ಮುರಿದರೆ ಇಂಥದ್ದು ನನಗೆ ಮತ್ತೆ ಸಿಗಲಾರದೆಂಬ ಭಯದಿಂದ ಹೆದೆಯನ್ನು ಇನ್ನೂ ಕಟ್ಟಿಲ್ಲ.

ಮೂರನೆಯ ಗೆರೆ ಮೇಲಿನ ವಾರ್ನಿಷ್ ಪದರದಲ್ಲಷ್ಟೇ ಇದೆಯೋ, ತೋಳಿಗೆ ಬಲ ಕೊಡುವ ಫೈಬರ್‌ಗ್ಲಾಸಿನೊಳಗೂ ಇಳಿದಿದೆಯೋ ಎಂಬುದನ್ನು ಬಿಲ್ಲನ್ನು ಬಾಗಿಸದೆಯೇ ಖಚಿತಪಡಿಸಿಕೊಳ್ಳುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.