ಹಳೇ ಮಹೀಂದ್ರ ಪಿಕಪ್ ರೆಸ್ಟೋರ್: ಮೊದಲು ಶೆಡ್ಡೋ, ಮೊದಲು ಗಾಡಿಯೋ?

ಕೆಂಗೇರಿ_ಪಿಕಪ್:

ಎಲ್ಲರಿಗೂ ನಮಸ್ಕಾರ. ಗಾಡಿ ಜೀಪ್ ಮಾದರಿಯ ಹಳೇ ಮಹೀಂದ್ರ ಪಿಕಪ್. ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ. ನಾಲ್ಕೂ ಕಡೆ ಕಮಾನು ಪಟ್ಟೆ (ಲೀಫ್ ಸ್ಪ್ರಿಂಗ್), ನಾಲ್ಕೂ ಕಡೆ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ. ವರ್ಷಗಟ್ಟಲೆ ನಿಂತು ಎಂಜಿನ್ ಜಾಮ್ ಆಗಿದೆ. ಕ್ಯಾಬಿನ್ ಫ್ಲೋರ್ ಎರಡೂ ಕಡೆ ತುಕ್ಕು ತಿಂದು ತೂತಾಗಿದೆ. ಬಲಗಡೆ ಚಾಸಿಯಲ್ಲಿ ಹಿಂದಿನ ಶ್ಯಾಕಲ್ ಬ್ರ್ಯಾಕೆಟ್ (ಸ್ಪ್ರಿಂಗಿನ ತುದಿ ಚಾಸಿಗೆ ಸೇರುವ ಜಾಗ) ಹತ್ತಿರ ಕೂದಲೆಳೆಯಷ್ಟು ಬಿರುಕಿದೆ. ಆರ್‌ಸಿ ಇದೆ, ಹಳದಿ ಬೋರ್ಡ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದಿದೆ.

ಜಾಗ ಮನೆ ಹಿಂದೆ 12x20 ಅಡಿ. ಮೇಲೆ ಶೀಟ್ ಇದೆ, ನೆಲ ಇನ್ನೂ ಮಣ್ಣು. ಕರೆಂಟ್ ಸಿಂಗಲ್ ಫೇಸ್, ಪಕ್ಕದ ಮನೆ ಗೋಡೆ ಮೂರೇ ಅಡಿ ದೂರ.

ಕೆಳಗಿಂದ ಕೆಲಸ ಮಾಡಲು ಪಿಟ್ ತೋಡಿಸಬೇಕಾ? ವೆಲ್ಡಿಂಗ್ ಮಷೀನ್, ಕಂಪ್ರೆಸರ್ ಎಷ್ಟು ದೊಡ್ಡದು ಬೇಕು? ಮುಂದೆ ಡಿಸ್ಕ್ ಬ್ರೇಕ್ ಹಾಕಿ, ಕ್ಯಾಬಿನ್ ಉದ್ದ ಮಾಡಿ ಡಬಲ್ ಕ್ಯಾಬ್ ಮಾಡುವ ಯೋಚನೆಯೂ ಇದೆ.

ಟಿಂಕರ್_ಪೀಣ್ಯ:

ಮೊದಲು ನೆಲ. ಮಣ್ಣಿನ ಮೇಲೆ ಜ್ಯಾಕ್ ಸ್ಟ್ಯಾಂಡ್ ಇಟ್ಟು ಗಾಡಿ ಕೆಳಗೆ ಯಾರೂ ಮಲಗಬಾರದು, ಇಷ್ಟೇ ಕಾರಣ ಸಾಕು. 12x20 ಅಡಿಗೆ 5 ಇಂಚು ಕಾಂಕ್ರೀಟ್ ಅಂದರೆ 100 ಘನ ಅಡಿ. 1:1.5:3 ಮಿಶ್ರಣಕ್ಕೆ ಹೆಚ್ಚುಕಡಿಮೆ 23 ಮೂಟೆ ಸಿಮೆಂಟ್ ಹಿಡಿಯುತ್ತದೆ. ಕೆಳಗೆ ಚೆನ್ನಾಗಿ ದಿಮ್ಮಸು ಹಾಕಿಸಿ, ಒಂದು ಜಾಲರಿ ಕಂಬಿ ಕೊಡಿ, ಬಾಗಿಲ ಕಡೆಗೆ ನೂರಕ್ಕೆ ಒಂದರಷ್ಟು ಇಳಿಜಾರು ಸಾಕು. ಜಾಸ್ತಿ ಕೊಟ್ಟರೆ ಎಂಜಿನ್ ಎತ್ತುವ ಚಕ್ರದ ಹಾಯಿಸ್ಟ್ ತಾನಾಗಿ ಉರುಳುತ್ತದೆ. ಕನಿಷ್ಠ ಒಂದು ವಾರ ನೀರು ಕಟ್ಟಿ, 28 ದಿನ ಆಗುವವರೆಗೆ ಗಾಡಿ ಹತ್ತಿಸಬೇಡಿ.

ಪಿಟ್ ಬೇಡ. ಮಳೆಗಾಲದಲ್ಲಿ ಅದು ತೊಟ್ಟಿಯಾಗುತ್ತದೆ. ಪೆಟ್ರೋಲ್, ಥಿನ್ನರ್ ಆವಿ ಗಾಳಿಗಿಂತ ಭಾರ, ಕೆಳಗಿಳಿದು ಅಲ್ಲೇ ಕೂರುತ್ತದೆ, ಮೇಲೆ ಗ್ರೈಂಡರ್ ಕಿಡಿ ಹಾರುತ್ತಿರುತ್ತದೆ. ಅದೇ ದುಡ್ಡಿಗೆ 3 ಟನ್ನಿನ ನಾಲ್ಕು ಸ್ಟ್ಯಾಂಡು, ಮಡಚುವ 2 ಟನ್ ಹಾಯಿಸ್ಟು ತಗೊಳ್ಳಿ.

ಈಗ ಚಾಸಿ. ಕ್ಯಾಬಿನ್ ಎತ್ತುವ ಮೊದಲೇ ಅಳತೆ ಮಾಡಿ. ಗಾರೆ ಕೆಲಸದವರ ತೂಕದ ಗುಂಡನ್ನು ನಾಲ್ಕೂ ಸ್ಪ್ರಿಂಗ್ ಹ್ಯಾಂಗರ್ ಪಿನ್ನಿನಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿ ತಳ್ಳಿ, ಅಡ್ಡಕರ್ಣ ಎರಡೂ ಅಳೆಯಿರಿ. 5 ಮಿಮೀ ಒಳಗಿನ ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಫ್ರೇಮ್ ಎಳೆಯುವವರ ಹತ್ತಿರ ಹೋಗಬೇಕು, ಮನೆಯಲ್ಲಿ ಜ್ಯಾಕ್ ಕೊಟ್ಟು ಸರಿಮಾಡುವ ಕೆಲಸ ಅಲ್ಲ.

ಬಿರುಕಿನ ಮೇಲೆ ನೇರವಾಗಿ ವೆಲ್ಡ್ ಎಳೆದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಬಿರುಕು ಎಲ್ಲಿ ಮುಗಿಯುತ್ತದೋ ಆ ತುದಿಗೆ 5 ಮಿಮೀ ಡ್ರಿಲ್ ಹಾಕಿ, ಉದ್ದಕ್ಕೂ ‘ವಿ’ ಆಕಾರದಲ್ಲಿ ಗ್ರೈಂಡ್ ಮಾಡಿ, ತುಂಬಿಸಿ, ಮಟ್ಟ ಮಾಡಿ. ಅದರ ಮೇಲೆ ವಜ್ರಾಕಾರದಲ್ಲಿ ಕತ್ತರಿಸಿದ ಪ್ಲೇಟ್ ಇಡಿ, ದಪ್ಪ ಚಾಸಿ ತಗಡಿನಷ್ಟೇ ಇರಲಿ. ಚೌಕ ಪ್ಲೇಟ್ ಇಟ್ಟು ಮೇಲಿಂದ ಕೆಳಕ್ಕೆ ನೇರ ವೆಲ್ಡ್ ಕೊಟ್ಟರೆ ಭಾರವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ. ಚಾಸಿಯ ಮೇಲಿನ, ಕೆಳಗಿನ ಫ್ಲ್ಯಾಂಜ್ (ಮಡಚಿದ ಪಟ್ಟಿ) ಅಂಚಿಗೆ ವೆಲ್ಡ್ ಮುಟ್ಟಿಸಬೇಡಿ. ಬಿರುಕು ಬಂದದ್ದು ಯಾಕೆ ಅಂತಲೂ ನೋಡಿ. ಶ್ಯಾಕಲ್ ಬುಶ್ ಸವೆದು ಪಿನ್ ಕುಟ್ಟುತ್ತಿದ್ದರೆ ಪ್ಲೇಟ್ ಎಷ್ಟು ಹಾಕಿದರೂ ಮತ್ತೆ ಬಿರಿಯುತ್ತದೆ.

ಕ್ಯಾಬಿನ್ ಫ್ಲೋರ್ ಕತ್ತರಿಸುವಾಗ ಕ್ಯಾಬಿನ್ ಚಾಸಿ ಮೇಲೆ ಬೋಲ್ಟ್ ಆಗಿಯೇ ಇರಬೇಕು. ಬಾಗಿಲ ಚೌಕಟ್ಟಿಗೆ ಒಳಗಿಂದ ಒಂದಿಂಚು ಚೌಕ ಪೈಪ್ ಅಡ್ಡಡ್ಡ ಟ್ಯಾಕ್ ಮಾಡಿ. ಒಂದು ಕಡೆ ಪೂರ್ತಿ ಮುಗಿಸಿ, ಬಾಗಿಲು ಸಲೀಸಾಗಿ ಮುಚ್ಚುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಇನ್ನೊಂದು ಕಡೆ ಕತ್ತರಿಸಿ. 18 ಗೇಜ್ ತಗಡು, 0.8 ಮಿಮೀ ವೆಲ್ಡಿಂಗ್ ವೈರ್, ಇಂಚಿಗೊಂದು ವೆಲ್ಡ್ ಚುಕ್ಕೆ, ಒಂದೇ ಕಡೆ ಸಾಲಾಗಿ ಬೇಡ, ಎದುರುಬದುರು ಹಾಕುತ್ತಾ ಹೋಗಿ. ಆತುರಪಟ್ಟು ಉದ್ದಕ್ಕೆ ಎಳೆದರೆ ತಗಡು ಹಪ್ಪಳದ ಹಾಗೆ ಏಳುತ್ತದೆ.

ಕರೆಂಟ್_ಕೆಲಸ:

ವೆಲ್ಡಿಂಗ್‌ಗೆ 200 ಆಂಪಿಯರ್ ಇನ್ವರ್ಟರ್ ಮಿಗ್ (ಗ್ಯಾಸ್ ಜೊತೆ ವೈರ್ ತಾನಾಗಿ ಬರುವ ಮಷೀನ್) ಸಾಕು, ಸಿಂಗಲ್ ಫೇಸಲ್ಲಿ ಓಡುತ್ತದೆ. ಆದರೆ ಮನೆಯ ಪ್ಲಗ್ ಪಾಯಿಂಟಿಂದ ಎಕ್ಸ್‌ಟೆನ್ಷನ್ ಎಳೆಯಬೇಡಿ. 1.5 ಚದರ ಮಿಮೀ ವೈರ್ 20 ಮೀಟರ್ ಎಳೆದು 25 ಆಂಪಿಯರ್ ತೆಗೆದರೆ ವೈರಿನಲ್ಲೇ 12 ವೋಲ್ಟ್ ಹೋಗುತ್ತದೆ, ವೈರೂ ಬಿಸಿಯಾಗುತ್ತದೆ. ಸಂಜೆ ಹೊತ್ತು ಲೈನಲ್ಲೇ ವೋಲ್ಟೇಜ್ ಕಮ್ಮಿ ಇದ್ದರೆ ಆರ್ಕ್ ನಿಲ್ಲುವುದಿಲ್ಲ, ಆಗ ಎಲ್ಲರೂ ಮಷೀನನ್ನು ಬೈಯುತ್ತಾರೆ. ಮೀಟರ್ ಬೋರ್ಡಿಂದ ಶೆಡ್ಡಿಗೆ 6 ಚದರ ಮಿಮೀ ತಾಮ್ರದ ಪ್ರತ್ಯೇಕ ಲೈನ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಮೋಟಾರ್ ಮತ್ತು ವೆಲ್ಡರ್‌ಗೆ ಸ್ಟಾರ್ಟ್ ಆಗುವಾಗಿನ ಜಾಸ್ತಿ ಕರೆಂಟ್ ತಡೆದುಕೊಳ್ಳುವ ಸಿ ಕರ್ವ್ ಎಂಸಿಬಿ, ಶೆಡ್ಡಿಗೇ ಒಂದು ಅರ್ತಿಂಗ್ ಗುಂಡಿ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತದೆ, ನೋಡಿಕೊಂಡು ಕಮ್ಮಿ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಿ.

ಕಂಪ್ರೆಸರ್ 2 ಎಚ್‌ಪಿ, ಟ್ಯಾಂಕ್ 50 ಲೀಟರಿಗಿಂತ ಕಮ್ಮಿ ಬೇಡ. ಧೂಳು ಹೊಡೆಯಲು, ಸಣ್ಣ ಭಾಗಗಳಿಗೆ ಪ್ರೈಮರ್ ಹೊಡೆಯಲು ಅಷ್ಟು ಸಾಕು. ಗಾಳಿಯ ಸ್ಯಾಂಡರ್ ಅದಕ್ಕೆ ಆಗುವುದಿಲ್ಲ, ಎಲೆಕ್ಟ್ರಿಕ್ ಸ್ಯಾಂಡರ್ ತಗೊಳ್ಳಿ.

ವೆಲ್ಡ್ ಮಾಡುವ ಮುನ್ನ ಬ್ಯಾಟರಿ ಎರಡೂ ಟರ್ಮಿನಲ್ ಬಿಚ್ಚಿ, ಆಲ್ಟರ್ನೇಟರ್ ವೈರೂ ಬಿಚ್ಚಿ. ಅರ್ತ್ ಕ್ಲ್ಯಾಂಪ್ ವೆಲ್ಡ್ ಜಾಗದ ಪಕ್ಕದಲ್ಲೇ ಇರಲಿ. ದೂರ ಹಾಕಿದರೆ ಕರೆಂಟ್ ವೀಲ್ ಬೇರಿಂಗ್ ಮೂಲಕ ಹಾದು ಅದರ ಮೈಮೇಲೆ ಗುಳಿ ಬೀಳಿಸುತ್ತದೆ.

ಡೀಸೆಲ್_ಹೊಗೆ:

ಎಂಜಿನ್ ಜಾಮ್ ಅಂತ ಸ್ಟಾರ್ಟರ್ ಹೊಡೆಯಬೇಡಿ, ಗೇರ್ ಹಾಕಿ ಗಾಡಿ ತಳ್ಳಲೂ ಬೇಡಿ. ಸ್ಟಾರ್ಟ್‌ಗೆ ಮುನ್ನ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ನಾಲ್ಕೂ ಬಿಚ್ಚಿ. ಅವೇ ಮುರಿಯುವುದು ಜಾಸ್ತಿ, ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಬಿಡಿ. ಒಂದೊಂದು ಸಿಲಿಂಡರಿಗೆ 10 ಮಿಲೀ ತೆಳು ಎಣ್ಣೆ ಹಾಕಿ ಎರಡು ಮೂರು ದಿನ ಬಿಟ್ಟು, ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಅಲ್ಲಾಡಿಸಿ. ಅಲುಗಿದರೆ ಉಳಿದೀತು. ಒಂದಿಷ್ಟೂ ಅಲುಗದಿದ್ದರೆ ಹೆಡ್ ಬಿಚ್ಚಲೇಬೇಕು, ಬಲಪ್ರಯೋಗ ಬೇಡ.

ಟ್ಯಾಂಕ್ ಇಳಿಸಿ ತೊಳೆಯಿರಿ. ಇಂಧನ ಪಂಪು, ನಾಜಲ್ ಎರಡೂ ಕ್ಯಾಲಿಬ್ರೇಷನ್ ಅಂಗಡಿಗೆ ಕೊಡಿ. ನಿಂತ ಪಂಪಿನಲ್ಲಿ ರ‍್ಯಾಕ್ (ಡೀಸೆಲ್ ಎಷ್ಟು ಹೋಗಬೇಕೆಂದು ಹಿಡಿಯುವ ಸರಳು) ಪೂರ್ತಿ ತೆರೆದಲ್ಲೇ ಅಂಟಿಕೊಂಡಿದ್ದರೆ, ಸ್ಟಾರ್ಟ್ ಆದ ಕೂಡಲೇ ಎಂಜಿನ್ ಹುಚ್ಚಾಪಟ್ಟೆ ರೇಸ್ ಆಗುತ್ತದೆ, ಕೀ ತಿರುಗಿಸಿದರೂ ನಿಲ್ಲದೇ ಹೋಗಬಹುದು. ಹಾಗಾಗಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಫಿಲ್ಟರ್ ಹೋಸ್ ಬಿಚ್ಚಿಡಿ, ಒಬ್ಬರು ಪ್ಲೈವುಡ್ ತುಂಡು ಹಿಡಿದು ಪಕ್ಕದಲ್ಲಿ ನಿಂತಿರಲಿ. ಗಾಳಿ ಮುಚ್ಚಿದರೆ ನಿಲ್ಲುತ್ತದೆ. ಕೈ ಅಡ್ಡ ಕೊಡಬಾರದು.

ಸ್ಪ್ಯಾನರ್ ಸೆಟ್ ಎರಡು ಬೇಕು. ಎಂಜಿನ್ ನಟ್ಟುಗಳು ಮಿಲಿಮೀಟರ್, ಆಕ್ಸಲ್ ಮತ್ತು ಚಾಸಿಯಲ್ಲಿ ಇಂಚಿನವು: 7/16, 1/2, 9/16, 3/4. 9/16 ನಟ್ಟಿಗೆ 14ರ ಸ್ಪ್ಯಾನರ್ ಕೂರುವುದಿಲ್ಲ, 15ರದ್ದು ಹಾಕಿದರೆ ಮೂಲೆ ಕರಗುತ್ತದೆ. ಹಳೇ ಜೀಪ್ ಮಾದರಿಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ಥ್ರೆಡ್ ಇರುವುದುಂಟು, ಸ್ಟಡ್ ತುದಿಯಲ್ಲಿ ‘ಎಲ್’ ಅಕ್ಷರ ಇದೆಯಾ ನೋಡಿ.

ಬ್ರೇಕ್_ಮೊದಲು:

ಎಲ್ಲರೂ ಎಂಜಿನ್, ಟಿಂಕರಿಂಗ್ ಅಂತ ಹೊರಡುತ್ತಾರೆ. ಗಾಡಿ ಸ್ಟಾರ್ಟ್ ಆಗುವ ಮೊದಲೇ ಬ್ರೇಕ್ ಮುಗಿದಿರಬೇಕು ಸ್ವಾಮಿ. ಸ್ಟಾರ್ಟ್ ಆದ ಗಾಡಿಯನ್ನು ಒಂದು ರೌಂಡ್ ಓಡಿಸದೆ ಸುಮ್ಮನೆ ಇರುವವರು ಯಾರೂ ಇಲ್ಲ.

ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಒಳಗೆ ಗುಳಿ ಬಿದ್ದಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ, ರಬ್ಬರ್ ತಿಂಗಳೊಪ್ಪತ್ತಿನಲ್ಲಿ ಹರಿಯುತ್ತದೆ. ಹೊಸದೇ ಹಾಕಿ. ಡೀಸೆಲ್, ಪೆಟ್ರೋಲಿನಲ್ಲಿ ತೊಳೆಯುವುದು ಇಲ್ಲಿನ ಗ್ಯಾರೇಜುಗಳ ಕೆಟ್ಟ ಅಭ್ಯಾಸ, ರಬ್ಬರ್ ಊದಿಕೊಂಡು ಬ್ರೇಕ್ ಬಿಡುವುದಿಲ್ಲ. ಸ್ಪಿರಿಟ್ ಅಥವಾ ಬ್ರೇಕ್ ಆಯಿಲಲ್ಲೇ ತೊಳೆಯಿರಿ. ಪೈಪ್ ಉಕ್ಕಿನದು, ಡಬಲ್ ಫ್ಲೇರ್ (ತುದಿ ಎರಡು ಪದರ ಮಡಚಿದ್ದು) ಇರಲಿ. ಎಸಿ ಅಂಗಡಿಯ ತಾಮ್ರದ ಪೈಪ್ ಬಗ್ಗಿಸಲು ಸುಲಭ ಅಂತ ಹಾಕುತ್ತಾರೆ, ಅದು ಅದುರಿ ಅದುರಿ ಗಡುಸಾಗಿ ಸೀಳುತ್ತದೆ. ಏರ್ ತೆಗೆಯುವುದು ಮಾಸ್ಟರಿಂದ ದೂರದ ಚಕ್ರದಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಸಾಮಾನಿಗೆ ಬೆಂಗಳೂರಿನ ಜೆಸಿ ರೋಡಿಗೆ ಹೋಗಿ, ಹಳೇ ಬಾಡಿ ತಗಡು, ಬಾಗಿಲು, ಹಿಂಜ್ ಬೇಕಾದರೆ ಶಿವಾಜಿನಗರದ ಗುಜರಿ, ಟೂಲ್ಸಿಗೆ ಎಸ್‌ಜೆಪಿ ರೋಡ್. ಆಯಿಲ್ ಸೀಲ್, ಬೇರಿಂಗ್ ಕೇಳುವಾಗ ಗಾಡಿ ಹೆಸರು ಹೇಳಬೇಡಿ, ಹಳೆಯದರ ಮೇಲಿನ ನಂಬರ್ ಅಥವಾ ಒಳವ್ಯಾಸ, ಹೊರವ್ಯಾಸ, ದಪ್ಪ ಹೇಳಿ. ಹೆಸರು ಹೇಳಿದರೆ ಯಾವ ವರ್ಷದ್ದೋ ಕಟ್ಟಿ ಕೊಡುತ್ತಾರೆ.

ಆರ್‌ಸಿ_ಬುಕ್:

ಡಬಲ್ ಕ್ಯಾಬ್ ಯೋಚನೆ ಇಲ್ಲೇ ಬಿಡಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟ ಮಾಡಿದೆ. ಬಣ್ಣ ಬದಲಿಸಬಹುದು, ಆರ್‌ಸಿಯಲ್ಲಿ ನಮೂದಾಗಬೇಕು. ಎಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಒ ಅನುಮತಿ. ಡಿಸ್ಕ್ ಬ್ರೇಕಿಗೂ ಮೊದಲೇ ಆರ್‌ಟಿಒದಲ್ಲಿ ಕೇಳಿ, ಆಮೇಲೆ ದುಡ್ಡು ಹಾಕಿ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲಿನ ದೆಹಲಿಯ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ, ಅದಕ್ಕೆ ಹೆದರಬೇಡಿ.

ಎಫ್‌ಸಿ ಇಲ್ಲದ ಹಳದಿ ಬೋರ್ಡ್ ಗಾಡಿ ಕಾನೂನಿನ ಕಣ್ಣಿಗೆ ನೋಂದಣಿಯೇ ಇಲ್ಲದ ಗಾಡಿ. ಲೇತಿಗೆ ಒಯ್ಯುವುದಾದರೂ ಟೋ ಮಾಡಿಸಿ.

ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ. ಚಾಸಿ ನಂಬರ್ ಎಲ್ಲಿದೆ ಅಂತ ಮೊದಲೇ ಹುಡುಕಿ, ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಸ್ಯಾಂಡ್‌ಬ್ಲಾಸ್ಟಿಗೆ ಕೊಡುವ ಮುನ್ನ ಅದರ ಮೇಲೆ ದಪ್ಪ ರಬ್ಬರ್ ತುಂಡು ಅಂಟಿಸಿ. ಅಕ್ಷರ ಸವೆದುಹೋದರೆ ಎಫ್‌ಸಿ ತಪಾಸಣೆಗೆ ನಿಂತಾಗ ಎಷ್ಟು ಹೊಳೆಯುವ ಪೇಂಟಿದ್ದರೂ ಕೆಲಸಕ್ಕೆ ಬರುವುದಿಲ್ಲ.

ಕೆಂಗೇರಿ_ಪಿಕಪ್:

ಡಬಲ್ ಕ್ಯಾಬ್ ಬಿಟ್ಟೆ. ಪೇಂಟ್ ಮನೆಯಲ್ಲೇ ಹೊಡೆಯಬಹುದಾ? ಮತ್ತೆ ಮಿಗ್‌ಗೆ ಗ್ಯಾಸ್ ಯಾವುದು?

ಟಿಂಕರ್_ಪೀಣ್ಯ:

ಚಾಸಿಗೆ ಬರೀ ಸಿಒ2 ನಡೆಯುತ್ತದೆ, ಆಳಕ್ಕೆ ಇಳಿಯುತ್ತದೆ, ಕಿಡಿ ಜಾಸ್ತಿ. ಫ್ಲೋರ್ ತಗಡಿಗೆ ಆರ್ಗಾನ್ 80, ಸಿಒ2 20ರ ಮಿಶ್ರಣ ತಗೊಳ್ಳಿ.

ಎಪಾಕ್ಸಿ ಪ್ರೈಮರ್ ತನಕ ಮನೆಯಲ್ಲಿ ಮಾಡಿ, ಕೊನೆಯ ಕೋಟ್ ಪೇಂಟ್ ಬೂತಿಗೆ ಕೊಡಿ. 2ಕೆ ಪಿಯು (ಹಾರ್ಡನರ್ ಬೆರೆಸಿ ಹೊಡೆಯುವ) ಪೇಂಟಿನ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ವಿಷವಾದ ಐಸೋಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕ್ ಏನೇನೂ ತಡೆಯುವುದಿಲ್ಲ, ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕೇ ಬೇಕು. ನಿಮಗೆ ಆ ಮಾಸ್ಕ್ ಇದ್ದರೂ ಮೂರಡಿ ಆಚೆಯ ಮನೆಯವರಿಗೆ ಇರುವುದಿಲ್ಲ. ತುಕ್ಕು ಕನ್ವರ್ಟರ್ ಹಚ್ಚಿದ ಜಾಗದಲ್ಲಿ ಆ್ಯಸಿಡ್ ಉಳಿದಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ, ಉಜ್ಜಿ ತೊಳೆದು ಅವತ್ತೇ ಒಣಗಿಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ಎಪಾಕ್ಸಿ ಮೇಲೆ, 3 ಮಿಮೀಗಿಂತ ದಪ್ಪ ಬೇಡ. ಮಳೆಗಾಲದಲ್ಲಿ ತಗಡು ಬಿಚ್ಚಿಟ್ಟರೆ ಒಂದೇ ರಾತ್ರಿಗೆ ಕೆಂಪಾಗುತ್ತದೆ, ಹಾಗಾಗಿ ಜೂನ್‌ನಿಂದ ಅಕ್ಟೋಬರ್ ತನಕ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಕೆಲಸ ಇಟ್ಟುಕೊಂಡು, ತಗಡು ಕೆಲಸ ಡಿಸೆಂಬರ್ ಮೇಲೆ ಶುರುಮಾಡಿ.