ಹಾರ್ತಾ ಇರೋವಾಗ್ಲೇ ಕಂಪಾಸ್ ಎರರ್ ಬಂದ್ರೆ ಡ್ರೋನ್ ಹೇಗೆ ಇಳಿಸ್ಕೊಳ್ಳೋದು?

ತೋಟದಮನೆ:
ನಮಸ್ಕಾರ ಎಲ್ರಿಗೂ. ನಮ್ದು ಸಾಗರದ ಹತ್ರ ಅಡಿಕೆ ತೋಟ, ಎಲೆಚುಕ್ಕೆ ರೋಗ ಎಲ್ಲೀವರೆಗೆ ಹಬ್ಬಿದೆ ಅಂತ ಮೇಲಿಂದ ನೋಡೋಕೆ 249 ಗ್ರಾಂದು ಒಂದು ಚಿಕ್ಕ ಡ್ರೋನ್ ತಗೊಂಡಿದೀನಿ. ನಿನ್ನೆ ತಾರಸಿ ಮೇಲಿಂದ ಎತ್ತಿ ಒಂದು 30 ಮೀಟರ್ ಮೇಲೆ ನಿಲ್ಸಿದ್ರೆ ನಿಲ್ಲಲೇ ಇಲ್ಲ, ಮೊದ್ಲು ಸಣ್ಣ ಸುತ್ತು ಹೊಡೀತು, ಆಮೇಲೆ ಸುತ್ತು ದೊಡ್ಡದಾಗ್ತಾ ಹೋಯ್ತು, ಸ್ಕ್ರೀನಲ್ಲಿ ಕೆಂಪಗೆ ಕಂಪಾಸ್ ಎರರ್ ಅಂತ ಬಂತು, ಗಾಬರಿಲಿ ರಿಟರ್ನ್ ಟು ಹೋಮ್ ಒತ್ತಿದ್ರೆ ಮನೆ ಕಡೆ ಬರೋದು ಬಿಟ್ಟು ಪಕ್ಕದವ್ರ ತೋಟದ ಕಡೆ ಓರೆಯಾಗಿ ಇಳಿದು ಸೋಗೆಗೆ ಸಿಕ್ಕಾಕ್ಕೊಳ್ತು. ಕೊನೆಗೌಡ್ರು ಮರ ಹತ್ತಿ ಇಳಿಸ್ಕೊಟ್ರು. ಎರಡು ಪ್ರೊಪೆಲ್ಲರ್ ಹೋಗಿದೆ ಅಷ್ಟೆ. ಕಂಪಾಸ್ ಕ್ಯಾಲಿಬ್ರೇಶನ್ (ದಿಕ್ಕು ಸರಿಯಾಗಿ ಹಿಡಿಯೋ ಹಾಗೆ ಹೊಂದಿಸೋದು) ತಾರಸಿ ಮೇಲೇ ಮಾಡ್ಕೊಂಡಿದ್ದೆ, ಜಿಪಿಎಸ್ ಸ್ಯಾಟಲೈಟ್ 14 ಸಿಕ್ಕಿದೆ ಅಂತ ತೋರಿಸ್ತಿತ್ತು. ಮತ್ಯಾಕೆ ಹೀಗಾಯ್ತು? ಆ ಹೊತ್ತಲ್ಲಿ ಏನ್ ಮಾಡ್ಬೇಕಿತ್ತು?

ಗಾಳಿಮಾತು:
ತಾರಸಿನೇ ಕಾರಣ ಇರ್ಬೇಕು ಸರ್. ಆರ್‌ಸಿಸಿ ಒಳಗೆ ಪೂರ್ತಿ ಕಬ್ಬಿಣದ ಸರಳು, ಕಂಪಾಸ್ ಅಲ್ಲೇ ಉತ್ತರ ದಿಕ್ಕು ತಪ್ಪಾಗಿ ಹಿಡ್ಕೊಳ್ಳತ್ತೆ, ಅಲ್ಲೇ ಕ್ಯಾಲಿಬ್ರೇಟ್ ಮಾಡಿದ್ರೆ ಇನ್ನೂ ಕಷ್ಟ. ಮೇಲೆ ಹೋದ್ಮೇಲೆ ಗಾಳಿಗೆ ಎರಡು ಮೀಟರ್ ಪೂರ್ವಕ್ಕೆ ಸರಿದಿದೆ ಅಂತ ಜಿಪಿಎಸ್ ಹೇಳತ್ತೆ, ಡ್ರೋನ್ ಪಶ್ಚಿಮಕ್ಕೆ ಹೋಗ್ತಿದೀನಿ ಅಂದ್ಕೊಂಡು ನೈಋತ್ಯಕ್ಕೆ ಹೋಗತ್ತೆ, ತಿದ್ಕೊಳ್ಳೋಕೆ ಹೋಗಿ ಮತ್ತೆ ಓರೆ, ಹಿಂಗೇ ಸುತ್ತು ದೊಡ್ಡದಾಗೋದು. ಇದಕ್ಕೇ ಟಾಯ್ಲೆಟ್ ಬೌಲ್ ಅಂತಾರೆ. ಎಲ್ಲಿದೀನಿ ಅಂತ ಅದಕ್ಕೆ ಗೊತ್ತು, ಯಾವ ಕಡೆ ಮುಖ ಅಂತ ಗೊತ್ತಿಲ್ಲ. ರಿಟರ್ನ್ ಟು ಹೋಮ್‌ಗೂ ಅದೇ ದಿಕ್ಕು ಬೇಕಲ್ವಾ, ಹಾಗಾಗಿ ದಯವಿಟ್ಟು ಆಗ ಆ ಬಟನ್ ಮುಟ್ಬೇಡಿ.

ನಾಲ್ಕುರೆಕ್ಕೆ:
ಮೇಲಿನವ್ರು ಹೇಳಿದ್ದು ಸರಿ. ನಂದು ಕೈಯಲ್ಲೇ ಜೋಡಿಸಿದ್ದು, ಆರ್ಡುಪೈಲಟ್ ಅನ್ನೋ ಹಾರಾಟದ ಸಾಫ್ಟ್‌ವೇರ್ ಹಾಕಿದೀನಿ, ಲಾಯ್ಟರಲ್ಲಿ, ಅಂದ್ರೆ ಜಿಪಿಎಸ್ ನೋಡ್ಕೊಂಡು ಒಂದೇ ಜಾಗದಲ್ಲಿ ನಿಲ್ಲೋ ಮೋಡಲ್ಲಿ, ಹೀಗಾದ್ರೆ ತಕ್ಷಣ ಸ್ವಿಚ್ ಹಾಕಿ ಆಲ್ಟ್ ಹೋಲ್ಡ್‌ಗೆ ಬರ್ತೀನಿ, ಅದು ಎತ್ತರವನ್ನ ಬ್ಯಾರೋಮೀಟರ್ (ಗಾಳಿ ಒತ್ತಡ ಅಳೆಯೋದು) ನೋಡ್ಕೊಂಡು ಕಾಯತ್ತೆ, ಜಿಪಿಎಸ್ ಬೇಕಿಲ್ಲ. ರೆಡಿಮೇಡ್ ಚಿಕ್ಕ ಡ್ರೋನಲ್ಲಿ ಸಾಮಾನ್ಯವಾಗಿ ಆ ಸ್ವಿಚ್ ಇರಲ್ಲ, ತಾನಾಗೇ ಆಟಿ (ATTI) ಮೋಡ್‌ಗೆ, ಅಂದ್ರೆ ಜಿಪಿಎಸ್ ಇಲ್ದೆ ಮಟ್ಟ ಮಾತ್ರ ಕಾಯೋ ಸ್ಥಿತಿಗೆ, ಬಿದ್ರೆ ಉಂಟು. ಆಟಿಗೆ ಬಿದ್ರೆ ರಿಮೋಟಿನ ಸ್ಟಿಕ್ ಬಿಟ್ಟಾಗ ನಿಲ್ಲಲ್ಲ, ಗಾಳಿ ಕರ್ಕೊಂಡು ಹೋಗತ್ತೆ, ಹೊಸಬ್ರು ಎಡವೋದು ಇಲ್ಲೇ. ಕಣ್ಣು ಸ್ಕ್ರೀನಿಂದ ತೆಗೆದು ಡ್ರೋನ್ ಮೇಲಿಡಿ. ಸೋಗೆಗೆ ಹತ್ರ ಇದ್ರೆ ಮೊದ್ಲು ಮೇಲಕ್ಕೆತ್ತಿ. ಬಾಲ ನಿಮ್ಮ ಕಡೆ ತಿರುಗ್ಸಿ, ಆಗ ನಿಮ್ಮ ಎಡ ಅದರ ಎಡ ಒಂದೇ ಆಗತ್ತೆ. ಯಾವ ಕಡೆ ಸರೀತಿದ್ಯೋ ಅದಕ್ಕೆ ಎದುರು ಸ್ಟಿಕ್ ಸ್ವಲ್ಪ ಸ್ವಲ್ಪವೇ ಕೊಡ್ತಾ ಅಡಿಕೆ ಒಣಗಿಸೋ ಅಂಗಳದಂಥ ಬಯಲಿಗೆ ತಂದು ನಿಧಾನ ಇಳಿಸಿ. ನೆಲಕ್ಕೆ ಹತ್ರ ಬಂದ್ರೆ ಕೆಳಗಿನ ಕ್ಯಾಮೆರಾ ನೆಲ ನೋಡಿ ಹಿಡ್ಕೊಳ್ಳೋಕೆ ಸಹಾಯ ಮಾಡತ್ತೆ, ಬೆಳಕಿದ್ರೆ ಮಾತ್ರ, ಕೆರೆ ನೀರಿನ ಮೇಲೆ ನಂಬ್ಬೇಡಿ. ಏನೇ ಆದ್ರೂ ಮೇಲಿದ್ದಾಗ ಮೋಟರ್ ಆಫ್ ಮಾಡ್ಬೇಡಿ, ತೋಟದಲ್ಲಿ ಕೆಲ್ಸದವ್ರು ಇರ್ತಾರೆ.

ತೋಟದಮನೆ:
ನಾನು ಎರಡೂ ಸ್ಟಿಕ್ ಬಿಟ್ಟು ಸ್ಕ್ರೀನ್ ನೋಡ್ತಾ ನಿಂತಿದ್ದೆ. ಇವತ್ತು ಹೊಸ ಪ್ರೊಪೆಲ್ಲರ್ ಹಾಕಿ, ಫೋನು ಕೀ ಎಲ್ಲ ಪಕ್ಕಕ್ಕಿಟ್ಟು ಗದ್ದೆಲಿ ಕ್ಯಾಲಿಬ್ರೇಟ್ ಮಾಡ್ದೆ. ಐದು ಮೀಟರ್ ಎತ್ತಿ ಸ್ಟಿಕ್ ಬಿಟ್ಟೆ, ಅಲ್ಲಾಡದೆ ನಿಂತಿದೆ. ತುಂಬಾ ಥ್ಯಾಂಕ್ಸ್. ಬಾಲ ನನ್ನ ಕಡೆ ಇಟ್ಕೊಂಡು ಸ್ಟಿಕ್ಕಲ್ಲೇ ಇಳಿಸೋದನ್ನ ದಿನಾ ಹತ್ತು ಸಲ ಮಾಡಿ ರೂಢಿ ಮಾಡ್ಕೊಂಡು ಆಮೇಲೇ ತೋಟದ ಮೇಲೆ ಹೋಗ್ತೀನಿ.